ಎರಡು ಸೀಮೆಗಳ ಕೆರೆ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯುಂಟು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಅದನ್ನು ಕಟ್ಟಿಸಿ, 1369 ರಲ್ಲಿ ಸಂಸ್ಕೃತದಲ್ಲಿ ಶಿಲಾಶಾಸನವೊಂದನ್ನು ಹಾಕಿಸಿದನು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳು ನೆಲ ಮತ್ತೊಂದು. ಮೂರನೆಯ ದೋಷವೆಂದರೆ, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಪಾಠಶಾಲೆಯಲ್ಲಿ ಈ ಶಾಸನವನ್ನು ಓದಿಸಿದ ನಮ್ಮ ಗುರುಗಳು, “ಇಬ್ಬರು ಒಡೆಯರಿರುವ ಕೆರೆಗೆ ಒಡೆಯನೇ ಇಲ್ಲವಯ್ಯ” ಎಂದು ಹೇಳಿ ಮುಂದಕ್ಕೆ ಹೋದರು. ಆ ಮಾತಿನ ಅರ್ಥವು ನನಗೆ ತಿಳಿಯಬೇಕಾದರೆ ನಾನು ಉಪಾಧ್ಯಾಯವೃತ್ತಿಯನ್ನು ಮುಗಿಸಿ ಊರು ಸೇರಬೇಕಾಯಿತು.

ನಮ್ಮೂರ ಕೆರೆಗೆ ಅದೇ ದೋಷ ತಗುಲಿದೆ. ಏರಿ, ತೂಬು, ಕೋಡಿಗಳು ನಮ್ಮ ಗ್ರಾಮ ಪಂಚಾಯಿತಿಗೆ ಸೇರಿದವು. ನೀರು ತರುವ ಕಾಲುವೆಯ ಮೇಲ್ಭಾಗವು ನೆರೆಯ ಪಂಚಾಯಿತಿಯದು. ಹಿಂದೆ ಕೆರೆಯ ಕಾಪಿಗೆಂದು ಕೊಡಗಿ ಭೂಮಿಯಿತ್ತು, ತೂಬು ತೆಗೆಯಲು ನೀರಗಂಟಿಯಿದ್ದನು. ಕೊಳವೆ ಬಾವಿಗಳು ಬಂದ ಮೇಲೆ ಕೆರೆಯ ಕಡೆ ನೋಡುವವರಿಲ್ಲವಾದರು. ಬಾವಿಗಳು ಬತ್ತಿದ ಮೇಲೆ ಎಲ್ಲರಿಗೂ ಕೆರೆಯ ನೆನಪು ಬಂದಿತು.

ಸಣ್ಣ ಊರಿನ ಈ ವಿಷಯಕ್ಕೆ ಲೋಕದ ದೊಡ್ಡ ಸಭೆಗಳನ್ನು ಏಕೆ ಎಳೆಯುತ್ತಾನೆಂದು ವಾಚಕರು ಕೇಳಬಹುದು. 1992 ರ ಜೂನ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ರಾಷ್ಟ್ರಗಳೆಲ್ಲ ಸೇರಿ, ಮುಂದಿನ ಪೀಳಿಗೆಯ ಪಾಲನ್ನು ಕೆಡಿಸದೆ ಬಾಳುವ ಬಗೆಯನ್ನು ಕುರಿತು ದೀರ್ಘವಾದ ಕಾರ್ಯಸೂಚಿಯೊಂದನ್ನು ಒಪ್ಪಿಕೊಂಡವು. ಅದರ ಇಪ್ಪತ್ತೆಂಟನೆಯ ಅಧ್ಯಾಯವು ಸ್ಥಳೀಯ ಸಂಸ್ಥೆಗಳಿಗೇ ಮೀಸಲು. ಜನರಿಗೆ ಅತ್ಯಂತ ಸಮೀಪದ ಆಡಳಿತವು ಅವುಗಳದೇ ಆದುದರಿಂದ, ಅವು ಕೈಹಾಕದೆ ಕೆಲಸ ಸಾಗದೆಂಬುದು ಅಲ್ಲಿಯ ಅಭಿಪ್ರಾಯ. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಲೋಕಸಭೆಯು ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 1993 ರ ಏಪ್ರಿಲ್ 24 ರಿಂದ ಅದು ಜಾರಿಗೆ ಬಂದಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಲ್ಲಿ ಸಣ್ಣ ನೀರಾವರಿಯೂ ಜಲಾನಯನದ ಅಭಿವೃದ್ಧಿಯೂ ಮೂರನೆಯವು. 2015 ರಲ್ಲಿ ವಿಶ್ವಸಂಸ್ಥೆಯ 193 ರಾಷ್ಟ್ರಗಳು 17 ಗುರಿಗಳನ್ನು ಹಾಕಿಕೊಂಡಾಗ, ಆರನೆಯದು ನೀರಿಗೆ ಸಂಬಂಧಿಸಿದ್ದಾಯಿತು. ಈ 17 ಗುರಿಗಳನ್ನು ನಾನು ಹುಡುಗರಿಗೆ ಬಾಯಿಪಾಠ ಮಾಡಿಸಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳಿಸಿ, ಚಪ್ಪಾಳೆಯನ್ನೂ ಪಡೆದೆನು.

ಕೆಲವು ವರ್ಷಗಳ ತರುವಾಯ ಗ್ರಾಮಸಭೆಯು ಕೆರೆಯ ಕಾಲುವೆಯನ್ನು ಅಳೆಯಿಸಲು ನಿಶ್ಚಯಿಸಿತು. ಆ ನಿರ್ಣಯವನ್ನು ಸೂಚಿಸಿದವನು ನಾನೇ. ಮೋಜಣಿಯವರು ಹಳೆಯ ನಕ್ಷೆಯನ್ನು ಹಿಡಿದು ಕಲ್ಲಿನಿಂದ ಕಲ್ಲಿಗೆ ಅಳೆಯುತ್ತ ಬಂದು, ನಮ್ಮ ತೆಂಗಿನ ತೋಟದ ಬೇಲಿಯನ್ನು ದಾಟಿ ಒಳಕ್ಕೆ ನಡೆದರು. ಒಂಬತ್ತು ಗುಂಟೆ ಕಾಲುವೆಯ ಜಾಗವು ನಮ್ಮ ಸ್ವಾಧೀನದಲ್ಲಿತ್ತು. ಅಲ್ಲಿ ಹದಿನಾಲ್ಕು ತೆಂಗಿನ ಮರಗಳಿದ್ದುವು. ನಮ್ಮ ತಂದೆಯವರು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳಸಿದ ಮರಗಳು. ಆ ದಿನ ನನ್ನ ಮೋರೆಯನ್ನು ಯಾರೂ ನೋಡದಿದ್ದರೆ ಸಾಕೆನಿಸಿತು.

ರಾತ್ರಿ ತಮ್ಮನು ಬಂದು ಕುಳಿತನು. “ಅಣ್ಣಾ, ಕಾಲುವೆಯುದ್ದಕ್ಕೂ ಎಲ್ಲರೂ ಒತ್ತಿಕೊಂಡಿದ್ದಾರೆ. ಮೇಲಿನ ಊರಿನವರಂತೂ ನಮಗಿಂತ ಹೆಚ್ಚು. ಅವರು ಬಿಡಲಿ, ಆಮೇಲೆ ನಾವು ಬಿಡೋಣ. ಮೊದಲು ನಾವೇ ಏಕೆ?” ಎಂದನು. ನನಗೆ ಉತ್ತರ ಹೊಳೆಯಲಿಲ್ಲ. ಯೋಚಿಸಿದರೆ, ರಿಯೋದಿಂದ ಈಚೆಗೆ ನಡೆದ ಸಭೆಗಳಲ್ಲೆಲ್ಲ ರಾಷ್ಟ್ರಗಳು ಆಡುತ್ತ ಬಂದ ಮಾತೂ ಇದೇ. ಮೊದಲು ಹೊಗೆ ಉಗುಳಿದವರು ಮೊದಲು ನಿಲ್ಲಿಸಲಿ ಎಂದು ಒಬ್ಬರು. ಈಗ ಹೆಚ್ಚು ಉಗುಳುತ್ತಿರುವವರು ನಿಲ್ಲಿಸಲಿ ಎಂದು ಇನ್ನೊಬ್ಬರು. ಆಕಾಶವು ನೂರಾರು ಸೀಮೆಗಳ ನಡುವಣ ಕೆರೆ. ಅದರ ದೋಷವೂ ಆ ಮೂರನೆಯ ದೋಷವೇ.

ಹಾಗಾದರೆ ಇಂಥ ಕೆರೆ ಎಂದೂ ದುರಸ್ತಾಗಲಿಲ್ಲವೆ? ಒಮ್ಮೆ ಆಗಿದೆ. ಶೀತಯಂತ್ರಗಳಲ್ಲಿ ತುಂಬುತ್ತಿದ್ದ ಕೆಲವು ಅನಿಲಗಳಿಂದ ಆಕಾಶದ ಓಜೋನ್ ಪದರವು ತೆಳುವಾಗುತ್ತಿದ್ದಿತು. 1987 ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಅವುಗಳನ್ನು ಕೈಬಿಡುವ ಒಪ್ಪಂದವಾಯಿತು. ಸಿರಿವಂತ ದೇಶಗಳು ಮೊದಲು ಬಿಡತಕ್ಕದ್ದು. ಬಡದೇಶಗಳಿಗೆ ಹತ್ತು ವರ್ಷಗಳ ಅವಕಾಶ. ಅವುಗಳ ವೆಚ್ಚಕ್ಕೆ ಸಹಾಯನಿಧಿ. ಹೀಗೆ ಏರ್ಪಟ್ಟಮೇಲೆ ಜಗತ್ತಿನ ರಾಷ್ಟ್ರಗಳೆಲ್ಲವೂ ಸೇರಿದುವು. ಆ ಪದರವು ಮೆಲ್ಲಮೆಲ್ಲನೆ ಮತ್ತೆ ಕೂಡಿಕೊಳ್ಳುತ್ತಿದೆ. “ಮೊದಲು ಯಾರು” ಎಂಬ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರವಿಷ್ಟೆ: ಹೆಚ್ಚು ಉಂಡವನು ಮೊದಲು ಏಳಬೇಕು.

ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಹೇಳಿದೆನು. ಐದು ಗುಂಟೆಗೆ ಮೇಲ್ಪಟ್ಟು ಒತ್ತಿದವರು ಮಳೆಗಾಲಕ್ಕೆ ಮುಂಚೆ ಬಿಡುವುದು. ಕಡಿಮೆ ಒತ್ತಿದವರು ಬೆಳೆ ಕೊಯ್ದ ಮೇಲೆ ಬಿಡುವುದು. ಎರಡು ಗುಂಟೆಯಲ್ಲಿ ರಾಗಿ ಹಾಕಿದ್ದ ವಿಧವೆಯೊಬ್ಬಳಿಗೆ ಪಂಚಾಯಿತಿಯು ಕೂಲಿಕೆಲಸದಲ್ಲಿ ಮೊದಲ ಸ್ಥಾನ ಕೊಡುವುದು. ಹೇಳಿ ಮುಗಿಸಿದಾಗ ಸಭೆಯಲ್ಲಿ ಮಾತಿರಲಿಲ್ಲ. ಹಿಂದಿನಿಂದ ಒಬ್ಬನು, “ಮೇಷ್ಟ್ರೇ, ನಿಮ್ಮ ಮರ ಯಾವತ್ತು ಕಡೀತೀರಿ?” ಎಂದು ಕೇಳಿದನು. ಅದು ನ್ಯಾಯವಾದ ಪ್ರಶ್ನೆ. ಸೋಮವಾರವೆಂದು ಹೇಳಿದೆನು.

ಸೋಮವಾರ ಮರಗಳು ಬಿದ್ದುವು. ತಮ್ಮನು ಆ ಕಡೆಗೆ ಬರಲಿಲ್ಲ. ಅನೇಕ ದಿನ ನನ್ನೊಡನೆ ಮಾತನ್ನೂ ಆಡಲಿಲ್ಲ. ಇತರರು ಒಬ್ಬೊಬ್ಬರಾಗಿ ಬೇಲಿ ಕಿತ್ತರು. ಇಬ್ಬರು ಇನ್ನೂ ಕಿತ್ತಿಲ್ಲ. ನಮ್ಮ ಅಧ್ಯಕ್ಷರೂ ಸದಸ್ಯರೂ ಮೇಲಿನ ಪಂಚಾಯಿತಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಮೂರನೆಯ ಸಲ ಎರಡು ಪಂಚಾಯಿತಿಯವರೂ ಗಡಿಕಲ್ಲಿನ ಬಳಿ ಹೊಂಗೆಯ ನೆರಳಿನಲ್ಲಿ ಕುಳಿತರು. ಅವರ ಕಾಲುವೆಯಲ್ಲಿ ಅರ್ಧಭಾಗ ತೆರವಾಯಿತು. ಹೂಳನ್ನು ರೈತರು ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೊಲಗಳಿಗೆ ಹೊಡೆದರು.

ಮಳೆ ಬಂದ ಮೇಲೆ ಕೆರೆ ತುಂಬಿ ಕೋಡಿ ಹರಿಯಿತೆಂದು ಬರೆಯುವ ಆಸೆಯುಂಟು, ಆದರೆ ಹರಿಯಲಿಲ್ಲ. ತೂಬಿನ ಬುಡಕ್ಕಿಂತ ಮೂರು ಮೊಳ ಮೇಲೆ ನೀರು ನಿಂತಿತು, ಅಷ್ಟೆ. ಬಹುಕಾಲದಿಂದ ಅಷ್ಟೂ ನಿಂತಿರಲಿಲ್ಲ. ಲೋಕದ ಸಭೆಗಳಲ್ಲಿ ಬರೆದ ಸಂಕಲ್ಪಗಳು ನೀರಾಗಿ ಇಳಿಯಬೇಕಾದರೆ ಇಂಥ ಗಡಿಕಲ್ಲುಗಳ ಬಳಿ, ಇಂಥ ಬೇಲಿಗಳ ಒಳಗೆ ಇಳಿಯಬೇಕು. ಮತ್ತು ಊರಿನವರು ತಮ್ಮ ಬೇಲಿ ಕಿತ್ತರೂ, ಲೋಕವು ತನ್ನ ಆಕಾಶವನ್ನು ಕಾಯದಿದ್ದರೆ ಮಳೆಯೇ ಹದ ತಪ್ಪುವುದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಒಂದು ಸಂಜೆ ನಾನು ಏರಿಯ ಮೇಲೆ ಕುಳಿತಿದ್ದೆನು. ತಮ್ಮನು ಬಂದು ಸ್ವಲ್ಪ ದೂರದಲ್ಲಿ ನಿಂತನು. ಬಹಳ ಹೊತ್ತು ನೀರನ್ನೇ ನೋಡಿ, “ಅಣ್ಣಾ, ಮೇಲಿನವರ ಇನ್ನರ್ಧ ಕಾಲುವೆ ಯಾವಾಗಂತೆ?” ಎಂದು ಕೇಳಿದನು. ನಾಳೆ ಇಬ್ಬರೂ ಕೂಡಿ ಹೋಗಿ ಕೇಳೋಣವೆಂದೆನು.