ಹಸಿರಿದ್ದದ್ದೆಲ್ಲ ಹಸಿರು ಹಾವಲ್ಲ

ಪ್ರಿಯ ಮಿತ್ರರೇ,

ನಿಮ್ಮ ಕಾಗದವೂ ಫೋಟೊವೂ ಒಟ್ಟಿಗೇ ಕೈಸೇರಿದವು. ಕಿಗ್ಗದಿಂದ ನರಸಿಂಹ ಪರ್ವತ ಹತ್ತುವಾಗ ಹಳ್ಳದ ಪಕ್ಕದ ಗಿಡದಲ್ಲಿ ಹಸಿರು ಹಾವು ಕಂಡಿರೆಂದೂ, ಜೊತೆಗಿದ್ದವರೊಬ್ಬರು ‘ಪಾಪದ್ದು’ ಎಂದು ಕೋಲಿನಿಂದ ಅದನ್ನು ಸರಿಸಲು ಹೋದರೆಂದೂ ಬರೆದಿದ್ದೀರಿ. ಓದಿ ಎದೆ ಝಲ್ಲೆಂದಿತು. ಅದು ಮಲಬಾರ್ ಗುಳಿಮಂಡಲ.

ಫೋಟೊವನ್ನು ಹಿಗ್ಗಿಸಿ ನೋಡಿ. ಹಸಿರು ಹಾವಾದರೆ ಬಳ್ಳಿಯಷ್ಟು ತೆಳ್ಳಗೆ, ಮೂತಿ ಚೂಪಗೆ, ಕಣ್ಣಪಾಪೆ ಅಡ್ಡಗೆರೆಯ ಹಾಗೆ ಇರಬೇಕಿತ್ತು. ನಿಮ್ಮದು ಗಿಡ್ಡ, ದಪ್ಪ. ಅಗಲ ತಲೆ, ಸಣ್ಣ ಕತ್ತು, ಪಾಪೆ ನೆಟ್ಟಗಿನ ಸೀಳು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಚುಕ್ಕಿಯಷ್ಟು ಒಂದು ಗುಳಿ ಕಂಡಿತೇ? ಇಲಿಯೋ ಹಕ್ಕಿಯೋ ಹತ್ತಿರ ಸುಳಿದರೆ ಅದರ ಮೈಬಿಸಿಯನ್ನು ಕತ್ತಲಲ್ಲೂ ಅರಿಯುವುದು ಆ ಗುಳಿಯಿಂದ. ಗುರುತು ಹೆಸರಿನಲ್ಲೇ ಇದೆ.

ಬಣ್ಣವನ್ನು ಮಾತ್ರ ನಂಬಬೇಡಿ. ಇದೇ ಗುಳಿಮಂಡಲ ಒಂದು ಕಡೆ ಹಸಿರಾದರೆ ಇನ್ನೊಂದು ಕಡೆ ಹಳದಿ, ಮತ್ತೊಂದು ಕಡೆ ತರಗೆಲೆಯ ಕಂದು. ಹಗಲೆಲ್ಲ ಅಲ್ಲಾಡದೆ ಕೂತಿರುತ್ತದೆ, ಇರುಳಿಗೆ ಬೇಟೆ. ಆ ನಿಶ್ಚಲತೆಯನ್ನೇ ನಿಮ್ಮವರು ಸಾಧುತನ ಎಂದುಕೊಂಡರು.

‘ತಲೆ ತ್ರಿಕೋನವಾಗಿದ್ದರೆ ವಿಷದ್ದು’ ಎಂಬ ಸೂತ್ರವನ್ನೂ ಕೇಳಿದ್ದೀರಿ. ಅದು ಅರ್ಧ ಸುಳ್ಳು. ನಾಗರಹಾವಿಗಾಗಲಿ ಕಟ್ಟುಹಾವಿಗಾಗಲಿ ಅಂಥ ತಲೆಯೇ ಇಲ್ಲ. ಹೆಡೆ ಎತ್ತದೆ ಹರಿದುಹೋಗುವ ನಾಗರ ಥೇಟ್ ಕೇರೆಯಂತೆ ಕಾಣುತ್ತದೆ. ನಾನೇ ಒಮ್ಮೆ ಗದ್ದೆಯ ಬದುವಿನಲ್ಲಿ ಕೇರೆ ಎಂದು ಧೈರ್ಯವಾಗಿ ನಿಂತು, ಅದು ಹೆಡೆ ಬಿಚ್ಚಿದಾಗ ಚಪ್ಪಲಿ ಬಿಟ್ಟು ಓಡಿದವನು. ಕೇರೆಯ ತುಟಿಯ ಮೇಲೆ ಕಪ್ಪು ಗೆರೆಗಳಿರುತ್ತವೆ ಎಂದು ಪುಸ್ತಕ ಹೇಳುತ್ತದೆ. ನಿಜ. ಆದರೆ ಹಾವಿನ ತುಟಿ ನೋಡುವಷ್ಟು ಹತ್ತಿರ ಹೋಗುವವರು ಯಾರು? ಈ ಗುರುತುಗಳೆಲ್ಲ ಮನೆಗೆ ಬಂದು ಫೋಟೊದಲ್ಲಿ ನೋಡುವುದಕ್ಕೆ. ಕಾಲುದಾರಿಯಲ್ಲಿ ಇದ್ದಾಗ ಎರಡು ಮಾರು ಹಿಂದೆ ನಿಂತು, ಅದು ಹೋಗುವತನಕ ಕಾಯಿರಿ. ಅದು ಹೋಗದಿದ್ದರೆ ನೀವೇ ಬಳಸಿ ಹೋಗಿ.

ಇನ್ನೊಂದು ಮಾತು. ನಮ್ಮಲ್ಲಿ ಸಿಗುವ ವಿಷನಿರೋಧಕ ಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವುಗಳ ವಿಷದಿಂದ. ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಅದು ಕಚ್ಚಿ ಸತ್ತವರು ತೀರಾ ವಿರಳ, ಆದರೆ ನೋವು, ಬಾವು ದಿನಗಟ್ಟಲೆ ಕಾಡುತ್ತವೆ. ಯಾವ ಹಾವೇ ಕಚ್ಚಲಿ, ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆ ಸೇರಬೇಕು. ಹಾವನ್ನು ಹಿಡಿದು ತರುವುದೂ ಬೇಡ.

ಮುಂದಿನ ಚಾರಣದ ಫೋಟೊಗಳನ್ನೂ ಕಳಿಸಿ, ಒಟ್ಟಿಗೆ ಹೆಸರು ಹುಡುಕೋಣ. ಈ ಕಾಗದವನ್ನು ಆ ಕೋಲು ಹಿಡಿದ ಗೆಳೆಯರಿಗೂ ಒಮ್ಮೆ ಓದಿ ಹೇಳಿ.

ನಿಮ್ಮವ