ಉಪ್ಪಿಲ್ಲದ ಸಮುದ್ರದಲ್ಲಿ ಏಳು ರಾತ್ರಿ

ನಾವು ಕ್ರೂಸಿಗೆ ಹೋಗ್ತೀವಿ ಅಂದಾಗ ಬಂಧುಬಳಗದವರು ಕೇಳಿದ ಮೊದಲನೇ ಪ್ರಶ್ನೆ, "ಅಲ್ಲಿ ಊಟಕ್ಕೇನು ಮಾಡ್ತೀರಿ?" ಎರಡನೇ ಪ್ರಶ್ನೆ ಬರ್ತಾ ಇದ್ದದ್ದು ಸ್ವಲ್ಪ ಹೊತ್ತಾದ ಮೇಲೆ, ನಮ್ಮನೆಯವರು ಎದ್ದು ಒಳಗೆ ಹೋದಾಗ, ದನಿ ತಗ್ಗಿಸಿ. "ಅವರಿಗೆ ಆಗುತ್ತೇನೇ?"

2023ರ ಜನವರಿಯಲ್ಲಿ ಇವರಿಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಅದಕ್ಕೆ ಮುಂಚೆ ಒಂದು ನೆಗಡಿಗೂ ರಜ ಹಾಕದೆ ಮೂವತ್ತೈದು ವರ್ಷ ಇಂಜಿನಿಯರ್ ಕೆಲಸ ಮಾಡಿದ ಮನುಷ್ಯ. ಮಗಳು ನೆದರ್‌ಲ್ಯಾಂಡ್ಸಿನಲ್ಲಿದ್ದಾಳೆ. 2024ರ ಜೂನ್‌ನಲ್ಲಿ ಅವಳ ಮನೆಗೆ ಹೋಗೋದಂತೂ ಇತ್ತು. ನಮ್ಮ ಮದುವೆಯ ಮೂವತ್ತೈದನೇ ವರ್ಷಕ್ಕೆ ಅಂತ ಅವಳೇ ಈ ಹಡಗಿನ ಟಿಕೆಟ್ ತೆಗೆದಿಟ್ಟಿದ್ದಳು. ಕೋಪನ್‌ಹೇಗನ್‌ನಲ್ಲಿ ಹತ್ತಿ, ಸ್ಟಾಕ್‌ಹೋಮ್, ಹೆಲ್ಸಿಂಕಿ, ಟಾಲಿನ್ ನೋಡಿಕೊಂಡು ತಿರುಗಿ ಕೋಪನ್‌ಹೇಗನ್. ಏಳು ರಾತ್ರಿ. ಹಿಂದೆಲ್ಲ ಬಾಲ್ಟಿಕ್ ಕ್ರೂಸ್ ಅಂದ್ರೆ ಸೇಂಟ್ ಪೀಟರ್ಸ್‌ಬರ್ಗೇ ದೊಡ್ಡ ಆಕರ್ಷಣೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಈ ಹಡಗುಗಳು ಅಲ್ಲಿಗೆ ಹೋಗೋದನ್ನ ನಿಲ್ಲಿಸಿಬಿಟ್ಟವು. ನಮಗೆ ಅದರಿಂದ ಒಂದು ವೀಸಾ ಉಳೀತು ಅಷ್ಟೆ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಎಲ್ಲರೂ ಮಾಡಿಸ್ತಾರೆ, ಯಾರೂ ಓದೋದಿಲ್ಲ. ನಾನು ಓದಿದೆ. ಮೊದಲೇ ಇದ್ದ ಕಾಯಿಲೆಗೆ ಎಷ್ಟು ಕೊಡ್ತಾರೆ, ಹಡಗಿನಿಂದ ದಡಕ್ಕೆ ಸಾಗಿಸೋ ಖರ್ಚು ಯಾರದು, ಎಲ್ಲದಕ್ಕೂ ಪೆನ್ಸಿಲಲ್ಲಿ ಗೆರೆ ಎಳೆದು ಫೋನ್ ಮಾಡಿ ಕೇಳಿದೆ. ಡಾಕ್ಟರ ಹತ್ರ ಹೋಗಿ ಮಾತ್ರೆಗಳ ಕಂಪನಿ ಹೆಸರಲ್ಲದೆ ಔಷಧಿಯ ಹೆಸರನ್ನೂ ಬರೆಸಿಕೊಂಡು ಬಂದೆ. ನೀವೂ ಹೀಗೆ ಹೊರಟರೆ ಇದೊಂದನ್ನ ಮರೀಬೇಡಿ, ನಮ್ಮೂರಿನ ಮಾತ್ರೆಯ ಬ್ರಾಂಡು ಅಲ್ಲಿ ಯಾರಿಗೂ ಗೊತ್ತಿರಲ್ಲ. ಡಾಕ್ಟರು ಹೇಳಿದ್ದು ಇಷ್ಟೆ: "ಧಾರಾಳವಾಗಿ ಹೋಗ್ಬನ್ನಿ. ನಡೀಲಿ, ಉಪ್ಪು ಕಡಿಮೆ, ಸಾಹಸ ಬೇಡ." ಇವರಿಗೆ ಕೇಳಿಸಿದ್ದು ಮೊದಲನೇ ವಾಕ್ಯ. ನನಗೆ ಕೇಳಿಸಿದ್ದು ಕೊನೇದು.

ಹಡಗು ನೋಡಿದಾಗ ಇದು ತೇಲುತ್ತೆ ಅಂತ ನಂಬೋಕೇ ಕಷ್ಟವಾಯ್ತು. ನಮ್ಮ ಕ್ಯಾಬಿನ್ ಮಾತ್ರ ಮೈಸೂರಿನ ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಒಬ್ಬರು ಬಟ್ಟೆ ಬದಲಾಯಿಸುವಾಗ ಇನ್ನೊಬ್ಬರು ಮಂಚ ಹತ್ತಿ ಕೂರಬೇಕು. ಹೊರಡುವ ಮುಂಚೆ ಎಲ್ಲರಿಗೂ ಸುರಕ್ಷತೆಯ ಪಾಠ, ಅಪಾಯದ ಗಂಟೆ ಹೊಡೆದರೆ ಎಲ್ಲಿ ಸೇರಬೇಕು, ಜಾಕೆಟ್ ಹೇಗೆ ಹಾಕ್ಕೋಬೇಕು ಅಂತ. ಆಮೇಲೆ ಜನ ಈಜುಕೊಳ, ಥಿಯೇಟರು, ಐಸ್‌ಕ್ರೀಂ ಹುಡುಕಿಕೊಂಡು ಹೋದರು. ನಾನು ಆಸ್ಪತ್ರೆ ಯಾವ ಡೆಕ್ಕಿನಲ್ಲಿದೆ ಅಂತ ನೋಡಿಕೊಂಡು ಬಂದೆ. ಇವರಿಗೆ ಹೇಳಲಿಲ್ಲ.

ಊಟದ ವಿಚಾರ ಬೇಗ ಮುಗಿಸ್ತೀನಿ, ಯಾಕಂದ್ರೆ ಅದು ತೊಂದರೆಯೇ ಆಗಲಿಲ್ಲ. ಎರಡನೇ ದಿನ ನಮ್ಮ ಟೇಬಲ್ಲಿಗೆ ಬಂದ ಹುಡುಗ ನಾವು ಮಾತಾಡೋದು ಕೇಳಿ, "ನೀವು ಕನ್ನಡದವರಾ ಅಮ್ಮ? ನಂದು ಉಡುಪಿ ಹತ್ರ" ಅಂದ. ಅವತ್ತಿನಿಂದ ಬೇಳೆ, ಅನ್ನ, ಒಂದು ಪಲ್ಯ ನಮಗೆ ತಪ್ಪಲಿಲ್ಲ. ಎಂಟು ತಿಂಗಳ ಕಾಂಟ್ರ್ಯಾಕ್ಟಂತೆ ಪಾಪ, ಮಗು ಹುಟ್ಟಿದ ಮೇಲೆ ಇನ್ನೂ ನೋಡಿಲ್ಲ. "ವೀಡಿಯೋದಲ್ಲಿ ನೋಡ್ತೇನಲ್ಲ" ಅಂತ ನಗ್ತಾನೆ. ಇವರು ಅವನ ಹತ್ರ ಗುಟ್ಟಾಗಿ ಉಪ್ಪಿನಕಾಯಿ ಕೇಳಿದ್ದಾರೆ. ಅವನು ಬಂದು ನನ್ನ ಹತ್ರ ಒಪ್ಪಿಗೆ ಕೇಳಿದ :-) ಇವರಿಗೆ ಅದು ನಗುವ ವಿಷಯ ಅನ್ನಿಸಲಿಲ್ಲ.

ಮೂರನೇ ದಿನ ಬೆಳಿಗ್ಗೆ ಎದ್ದರೆ ಕಿಟಕಿಯ ಆಚೆ ಸಮುದ್ರವೇ ಇಲ್ಲ! ಬರೀ ದ್ವೀಪಗಳು. ಒಂದೊಂದರ ಮೇಲೆ ಒಂದು ಕೆಂಪು ಮನೆ, ಒಂದು ಬಾವುಟ, ಒಂದು ದೋಣಿ. ಸ್ಟಾಕ್‌ಹೋಮಿನ ಮುಂದೆ ಇಂಥವು ಸುಮಾರು 30,000 ಇವೆಯಂತೆ. ಅವುಗಳ ಸಂದಿಯಲ್ಲಿ ಅಷ್ಟು ದೊಡ್ಡ ಹಡಗು ನಾಲ್ಕು ಗಂಟೆ ಹೊತ್ತು ಮೆಲ್ಲಗೆ ನುಸುಳಿಕೊಂಡು ಹೋಯ್ತು. ಇವರು ರೇಲಿಂಗ್ ಹಿಡಿದು ನಿಂತವರು ಅಲ್ಲಾಡಲಿಲ್ಲ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜು ಈ ನೆಲವನ್ನ ಒತ್ತಿ ಹಿಡಿದಿತ್ತಂತೆ, ಅದು ಕರಗಿ ಹತ್ತು ಸಾವಿರ ವರ್ಷ ಆದರೂ ನೆಲ ಇನ್ನೂ ಮೇಲೇಳ್ತಾ ಇದೆಯಂತೆ, ಇಲ್ಲಿ ವರ್ಷಕ್ಕೆ ಅರ್ಧ ಸೆಂಟಿಮೀಟರಿನಷ್ಟು. ನನಗೆ ಅವರ ಟೋಪಿಯ ಚಿಂತೆ. ಗಾಳಿ ಚಳಿ ಹಿಡಿಸುವಂತಿತ್ತು.

ಸ್ಟಾಕ್‌ಹೋಮಿನಲ್ಲಿ ನಾವು ನೋಡಿದ್ದು ಒಂದೇ, ವಾಸಾ ಹಡಗಿನ ಮ್ಯೂಸಿಯಂ. ಅರಮನೆ ಗಿರಮನೆ ಎಲ್ಲ ಹೊರಗಿನಿಂದಲೇ. ಆದರೆ ಅದೊಂದೇ ಸಾಕು ನೋಡಿ! ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ, 64 ಫಿರಂಗಿ, ಮೈತುಂಬ ಕೆತ್ತನೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟಿದ್ದು, ಸುಮಾರು 1,300 ಮೀಟರ್ ಹೋಗಿದೆ, ಒಂದು ಗಾಳಿ ಬೀಸಿದೆ, ವಾಲಿಕೊಂಡು ಮುಳುಗಿಹೋಗಿದೆ. ಮೇಲ್ಭಾಗ ಭಾರ, ತಳದಲ್ಲಿ ಸಾಕಷ್ಟು ತೂಕ ಇಲ್ಲ. ತಮಾಷೆ ಅಂದ್ರೆ ಮುಂಚೆಯೇ ಪರೀಕ್ಷೆ ಮಾಡಿದ್ದರು. ಮೂವತ್ತು ಜನ ಡೆಕ್ಕಿನ ಮೇಲೆ ಈ ಕಡೆಯಿಂದ ಆ ಕಡೆಗೆ ಓಡಿದ್ದಾರೆ, ಮೂರು ಸಲಕ್ಕೇ ಹಡಗು ಹೊಯ್ದಾಡಿದ್ದು ನೋಡಿ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. "ರಿಪೋರ್ಟ್ ಸರಿ ಬರ್ಲಿಲ್ಲ ಅಂದ್ರೆ ಟೆಸ್ಟ್ ನಿಲ್ಸೋದು. ನಮ್ಮ ಡಿಪಾರ್ಟ್‌ಮೆಂಟೇ!" ಅಂತ ಇವರಿಗೆ ಪರಮಾನಂದ.

333 ವರ್ಷ ನೀರಿನಡಿ ಇದ್ದು 1961ರಲ್ಲಿ ಮೇಲೆ ಬಂದ ಹಡಗು ಹೆಚ್ಚುಕಡಿಮೆ ಇಡಿಯಾಗಿಯೇ ಇದೆ. ಯಾಕೆ ಅಂದ್ರೆ, ಮರದ ಹಡಗನ್ನ ಕೊರೆದು ತಿನ್ನುವ ಒಂದು ಹುಳು ಇದೆಯಂತೆ, ಅದಕ್ಕೆ ಬದುಕೋಕೆ ಉಪ್ಪುನೀರು ಬೇಕು. ಬಾಲ್ಟಿಕ್ ಸಮುದ್ರದ ಈ ಭಾಗದಲ್ಲಿ ಉಪ್ಪು ಬಹಳ ಕಡಿಮೆ. ಮಹಾಸಾಗರದಲ್ಲಿ ನೂರಕ್ಕೆ ಮೂರೂವರೆ ಭಾಗ ಇದ್ದರೆ ಇಲ್ಲಿ ಒಂದೂ ಇಲ್ಲ. ನಾನು ಇವರ ಕಡೆ ತಿರುಗಿ, "ನೋಡಿ, ಉಪ್ಪು ಕಡಿಮೆ ಇದ್ದಿದ್ದಕ್ಕೇ ಮುನ್ನೂರು ವರ್ಷ ಉಳ್ಕೊಂಡಿದೆ" ಅಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ಅಷ್ಟು ಜೋರು ನಗು ಕೇಳಿ ಒಂದೂವರೆ ವರ್ಷ ಆಗಿತ್ತು.

ಮ್ಯೂಸಿಯಂ ಪಕ್ಕದಲ್ಲೇ ಎಸ್ಟೋನಿಯಾ ಅನ್ನುವ ಹಡಗಿನಲ್ಲಿ ಸತ್ತವರ ಸ್ಮಾರಕ ಇದೆ. 1994ರ ಸೆಪ್ಟೆಂಬರ್ 28ರ ರಾತ್ರಿ ಟಾಲಿನ್‌ನಿಂದ ಸ್ಟಾಕ್‌ಹೋಮಿಗೆ ಬರ್ತಾ ಮುಳುಗಿದ್ದು, 852 ಜನ. ಗೋಡೆ ತುಂಬ ಹೆಸರುಗಳು. ಅಲ್ಲಿ ಇಬ್ಬರೂ ಏನೂ ಮಾತಾಡಲಿಲ್ಲ. ಅದೇ ಸಂಜೆ ನಮ್ಮ ಹಡಗು ಹೊರಟಿದ್ದೂ ಅದೇ ಸಮುದ್ರಕ್ಕೆ.

ಇನ್ನು ಮಾತ್ರೆಯ ಪಜೀತಿ. ಸ್ಟಾಕ್‌ಹೋಮ್ ಬಿಟ್ಟ ರಾತ್ರಿ ಹಡಗಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಫಿನ್‌ಲ್ಯಾಂಡಿನ ಹೊತ್ತು ಬೇರೆ. "ರಾತ್ರಿ ಊಟದ ನಂತರ" ಅಂತ ಬರೆದಿರುವ ಮಾತ್ರೆ ಯಾವಾಗ ಕೊಡೋದು? ರಾತ್ರಿ ಆದ್ರೆ ತಾನೇ! ಹತ್ತೂವರೆಗೂ ಬಿಸಿಲು, ಆಮೇಲೂ ಪೂರ್ತಿ ಕತ್ತಲಿಲ್ಲ, ನಾಲ್ಕಕ್ಕೆಲ್ಲ ಮತ್ತೆ ಸೂರ್ಯ. ನಾನು ಫೋನಿನಲ್ಲಿ ಮೈಸೂರಿನ ಹೊತ್ತನ್ನೂ ಇಟ್ಟುಕೊಂಡು ಲೆಕ್ಕ ಹಾಕ್ತಾ ಇದ್ದರೆ ಇವರು, "ಮಾತ್ರೆಗೂ ವೀಸಾ ಮಾಡಿಸಬೇಕಿತ್ತು" ಅಂದರು.

ಹೆಲ್ಸಿಂಕಿಯಲ್ಲಿ ಜಗಳ ಆಯ್ತು.

ಫಿನ್‌ಲ್ಯಾಂಡಿನವರಿಗೆ ಸೌನಾ ಅಂದ್ರೆ ಪ್ರಾಣ. 55 ಲಕ್ಷ ಚಿಲ್ಲರೆ ಜನಕ್ಕೆ 30 ಲಕ್ಷ ಸೌನಾ ಇವೆ ಅಂತಾರೆ. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಬಂದರಿನ ಮಾರ್ಕೆಟ್ ಚೌಕದ ಪಕ್ಕದಲ್ಲೇ ಒಂದು ದೊಡ್ಡದು ಇದೆ. ಎಂಬತ್ತು ತೊಂಬತ್ತು ಡಿಗ್ರಿ ಬಿಸಿಯಲ್ಲಿ ಬೆವರಿ, ಹಾಗೇ ಬಂದು ಸಮುದ್ರದ ನೀರಿನ ಕೊಳಕ್ಕೆ ಧುಮುಕೋದು. ನೀರು ಹದಿನಾಲ್ಕು ಡಿಗ್ರಿ ಅಂತ ಬೋರ್ಡು ಹಾಕಿದ್ದರು. ಇವರು ಅದನ್ನ ಓದಿದರು, ಸೀದಾ ಹೋಗಿ ಟಿಕೆಟ್ ಸಾಲಿನಲ್ಲಿ ನಿಂತರು.

"ರೀ, ಬೇಡ."

"ಹತ್ತೇ ನಿಮಿಷ ಕಣೇ. ಹಂಗೆ ಹೋಗಿ ಹಿಂಗೆ ಬರ್ತೀನಿ."

"ಆ ಬಿಸಿ, ಆ ಥಂಡಿ... ಹೃದಯಕ್ಕೆ ಎಷ್ಟು ಹೊಡೆತ ಗೊತ್ತಾ? ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಇಲ್ಲಿಲ್ಲ."

"ನಾನಿದೀನಿ. ನಿಮಗೆ ಸ್ಟೆಂಟ್ ಹಾಕಿದಾರೆ ಅನ್ನೋದಾದ್ರೂ ನೆನಪಿದ್ಯಾ?"

ಕನ್ನಡದಲ್ಲೇ ಹೇಳಿದ್ದು. ಆದರೆ ಸ್ಟೆಂಟ್ ಅನ್ನೋದು ಎಲ್ಲ ಭಾಷೆಯಲ್ಲೂ ಸ್ಟೆಂಟೇ. ಸಾಲಿನಲ್ಲಿ ನಮ್ಮ ಹಿಂದೆಯೇ ನಮ್ಮದೇ ಹಡಗಿನ ಒಂದು ಗುಜರಾತಿ ಕುಟುಂಬ ಇತ್ತು. ಆ ಹೆಂಗಸು ಇವರನ್ನ ನೋಡಿದ ನೋಟ ಇದೆಯಲ್ಲ, ಅಯ್ಯೋ ಪಾಪ ಅನ್ನೋ ನೋಟ, ಅದನ್ನ ಇವರೂ ನೋಡಿದರು. ಕಾರ್ಡನ್ನ ಪರ್ಸಿನೊಳಗೆ ಇಟ್ಟು ಸಾಲಿನಿಂದ ಹೊರಗೆ ಬಂದರು. ನಾನು ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ. ನಾಳೆ ಮತ್ತೆ ಅಲ್ಲಿ ನಿಂತರೂ ಅದನ್ನೇ ಹೇಳ್ತೀನಿ.

ಆಮೇಲೆ ಫೆರಿ ಹಿಡಿದು ಸುವೊಮೆನ್‌ಲಿನ್ನಾ ಕೋಟೆಗೆ ಹೋದೆವು, 1748ರಲ್ಲಿ ಕಟ್ಟೋಕೆ ಶುರು ಮಾಡಿದ ದ್ವೀಪದ ಕೋಟೆ. ಒಳ್ಳೇ ಜಾಗ ಇರಬೇಕು. ನನಗೆ ನೆನಪಿರೋದು ಇವರು ಬೂಟು ಬಿಚ್ಚಿ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದು, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಿದ್ದು. "ಉಪ್ಪೇ ಇಲ್ಲ. ನಮ್ಮನೆ ಸಾರಿನ ಹಾಗೆ" ಅಂದರು, ನನ್ನನ್ನು ನೋಡದೆ. ಅವತ್ತಿನ ಕೊನೆಯ ಮಾತು ಅದು.

ಮನೆಯಲ್ಲಾದರೆ ಮಾತು ಬಿಟ್ಟಾಗ ಇವರು ವರಾಂಡಕ್ಕೆ, ನಾನು ಹಿತ್ತಲಿಗೆ. ಹಡಗಿನ ಕ್ಯಾಬಿನ್ನಿನಲ್ಲಿ ಮುನಿಸಿಕೊಳ್ಳೋಕೆ ಜಾಗವೇ ಇಲ್ಲ! ಬಾತ್‌ರೂಮಿಗೆ ಹೋಗಬೇಕಾದರೂ ಇನ್ನೊಬ್ಬರು ಕಾಲು ಮಡಚಬೇಕು. ಅದರ ಮೇಲೆ ಅವತ್ತೇ ಶೋಕಿ ಡ್ರೆಸ್ಸಿನ ಊಟ. ನಾನು ಮೈಸೂರು ಸಿಲ್ಕ್ ಉಟ್ಟೆ, ಇವರು ಮಗಳ ಮದುವೆಗೆ ಹೊಲಿಸಿದ ಸೂಟು ಹಾಕಿದರು. ಕಾಯಿಲೆಯಾದ ಮೇಲೆ ಒಂಬತ್ತು ಕಿಲೋ ಇಳಿದಿದ್ದಾರೆ, ಕೋಟು ಬೇರೆ ಯಾರದ್ದೋ ಅನ್ನುವ ಹಾಗೆ ಜೋಲಾಡ್ತಿತ್ತು. ಫೋಟೋದವನು ಹತ್ತಿರ ಹತ್ತಿರ ನಿಲ್ಲಿ ಅಂದ. ನಿಂತೆವು. ಹೆಲ್ಸಿಂಕಿಯಿಂದ ಟಾಲಿನ್ 80 ಕಿಲೋಮೀಟರು, ಮೈಸೂರಿಂದ ಚನ್ನಪಟ್ಟಣದಷ್ಟು ದೂರ. ಅದನ್ನ ಹಡಗು ರಾತ್ರಿಯಿಡೀ ತೆವಳಿಕೊಂಡು ಹೋಯ್ತು.

ಟಾಲಿನ್ ಹಳೇ ಪಟ್ಟಣ ಕಲ್ಲು ಹಾಸಿನ ಬೀದಿಗಳ ಊರು. ಪೇಟೆ ಚೌಕದ ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇದೆ. 1422ರ ದಾಖಲೆಯಲ್ಲೇ ಅದರ ಹೆಸರಿದೆ, ಈಗಲೂ ನಡೀತಾ ಇದೆ. ಒಳಗೆ ಒಂದು ಕೋಣೆಯಲ್ಲಿ ಹಿಂದಿನ ಕಾಲದ ಮದ್ದುಗಳನ್ನ ಇಟ್ಟಿದ್ದಾರೆ, ಸುಟ್ಟ ಜೇನುಹುಳು ಅದೂ ಇದೂ. ಮಾರ್ಜಿಪಾನ್ ಅನ್ನೋ ಬಾದಾಮಿಯ ಸಿಹಿ ಹುಟ್ಟಿದ್ದೂ ಇದೇ ಅಂಗಡಿಯಲ್ಲಿ, ಔಷಧಿಯಾಗಿ ಅಂತ ಅವರ ಊರಿನ ಕತೆ. ನಮ್ಮ ಬಾದಾಮಿ ಬರ್ಫಿಯೇ, ಸ್ವಲ್ಪ ಮೆತ್ತಗೆ. ಹಿಂದಿನಿಂದ ಇವರ ದನಿ ಕೇಳಿಸಿತು, "ಔಷಧಿಯಂತೆ. ಇದನ್ನಾದ್ರೂ ತಿನ್ನಬಹುದೋ, ಲೆಟರ್ ಬೇಕೋ?" ಒಂದು ಕೊಂಡು ಅರ್ಧರ್ಧ ತಿಂದೆವು.

ಅಲ್ಲಿಂದ ತೂಂಪಿಯಾ ಗುಡ್ಡಕ್ಕೆ ಏರು ದಾರಿ. ಇವರು ದಿನಾ ವಾಕಿಂಗ್ ಮಾಡುವವರು, ಸರಸರ ಹತ್ತಿಬಿಟ್ಟರು. ಅರ್ಧಕ್ಕೇ ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತವಳು ನಾನು. ವಾಪಸ್ಸು ಇಳಿದು ಬಂದು ನನ್ನ ಬ್ಯಾಗನ್ನ ತೆಗೆದುಕೊಂಡರು. ನಾನು ಬೇಡ ಭಾರ ಅನ್ನೋಕೆ ಬಾಯಿ ತೆಗೆದೆ. "ಒಂದು ಬ್ಯಾಗು ಕಣೇ" ಅಂದರು. ಜೋರಾಗಿ ಅಲ್ಲ. "ಒಂದೂವರೆ ವರ್ಷದಿಂದ ಯಾರೂ ನನ್ನ ಕೈಗೆ ಒಂದು ಚೀಲ ಕೊಟ್ಟಿಲ್ಲ. ಮಗಳು ಫೋನ್ ಮಾಡಿದ್ರೆ ಅಪ್ಪ ಹೇಗಿದಾರೆ ಅಂತ ನಿನ್ನನ್ನ ಕೇಳ್ತಾಳೆ. ನಾನು ಪಕ್ಕದಲ್ಲೇ ಕೂತಿರ್ತೀನಿ." ನನಗೇನೂ ಉತ್ತರ ತೋಚಲಿಲ್ಲ. ಬ್ಯಾಗು ಅವರೇ ಹೊತ್ತರು.

ಅವತ್ತು ರಾತ್ರಿ ಗಡಿಯಾರ ಮತ್ತೆ ಒಂದು ಗಂಟೆ ಹಿಂದೆ. ಮೂರೂವರೆಗೆ ಪರದೆಯ ಸಂದಿಯಿಂದ ಬೆಳಕು. ನಾನು ಎಂದಿನಂತೆ ಎದ್ದಿದ್ದೆ. ಸ್ಟೆಂಟ್ ಹಾಕಿದ ಮೇಲೆ ದಿನಾ ಆ ಹೊತ್ತಿಗೆ ನನಗೆ ಎಚ್ಚರ ಆಗುತ್ತೆ, ಇವರ ಎದೆ ಏರಿಳಿಯೋದನ್ನ ನೋಡಿ ಮತ್ತೆ ಮಲಗ್ತೀನಿ. ಯಾರಿಗೂ ಹೇಳಿರಲಿಲ್ಲ. ಇವರು ಕಣ್ಣು ಮುಚ್ಚಿಕೊಂಡೇ, "ಉಸಿರಾಡ್ತಾ ಇದೀನಿ. ಬಾ, ಮೇಲಕ್ಕೆ ಹೋಗೋಣ" ಅಂದರು.

"ಎಷ್ಟು ದಿನದಿಂದ ಗೊತ್ತು?"

"ಆಸ್ಪತ್ರೆಯಿಂದ ಬಂದ ಮೊದಲನೇ ರಾತ್ರಿಯಿಂದ. ನೀನು ಮತ್ತೆ ಮಲಗೋವರೆಗೂ ನಾನೂ ಎದ್ದೇ ಇರ್ತೀನಿ."

ಸ್ವೆಟರ್, ಶಾಲು, ಟೋಪಿ ಎಲ್ಲ ಹಾಕ್ಕೊಂಡು ಮೇಲಿನ ಡೆಕ್ಕಿಗೆ ಹೋದೆವು. ನೆಲ ಒರೆಸುತ್ತಿದ್ದ ಒಬ್ಬನನ್ನ ಬಿಟ್ಟರೆ ಯಾರೂ ಇರಲಿಲ್ಲ. ಸುತ್ತ ಬೂದು ಬಣ್ಣದ ನೀರು, ಒಂದು ಕಡೆ ಮಾತ್ರ ಕುಂಕುಮದ ನೀರು ಚೆಲ್ಲಿದ ಹಾಗೆ. ಆಂಜಿಯೋಗ್ರಾಂ ಟೇಬಲ್ ಮೇಲೆ ಮಲಗಿದ್ದಾಗ ಏನನ್ನಿಸಿತು ಅಂತ ಇವರು ಅವತ್ತು ಹೇಳಿದರು. ಹೊರಗಿನ ಬೆಂಚಿನಲ್ಲಿ ಕೂತು ನಾನು ಎಷ್ಟು ಸಲ ಲಿಫ್ಟಿನ ನಂಬರ್ ಎಣಿಸಿದೆ ಅಂತ ನಾನು ಹೇಳಿದೆ. ಅದರಲ್ಲಿ ಕೆಲವನ್ನ ಇಲ್ಲಿ ಬರೆಯೋದಿಲ್ಲ. ಉಡುಪಿ ಹುಡುಗ ಆರು ಗಂಟೆಗೆ ಡ್ಯೂಟಿಗೆ ಹೊರಟವನು ನಮ್ಮನ್ನ ನೋಡಿ ಗಾಬರಿಯಾಗಿ, "ಎಂತ ಅಮ್ಮ, ಹುಷಾರಿಲ್ವಾ?" ಅಂದ. ಇಲ್ಲಪ್ಪ, ಕಾಫಿ ಇದ್ರೆ ಕೊಡು ಅಂದೆವು.

ಜರ್ಮನಿಯ ವಾರ್ನೆಮುಂಡೆಯಲ್ಲಿ ಇನ್ನೊಂದು ದಿನ. ಬಹಳ ಜನ ಮೂರು ಗಂಟೆ ಪ್ರಯಾಣ ಮಾಡಿ ಬರ್ಲಿನ್ ನೋಡಿ ಬಂದರು. ನಾವು ಹೋಗಲಿಲ್ಲ. ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ದೀಪಸ್ತಂಭದವರೆಗೂ ಹೋಗಿ ಬಂದೆವು, ಅಷ್ಟೆ.

ಕೋಪನ್‌ಹೇಗನ್‌ನಲ್ಲಿ ಇಳಿದ ಮೇಲೆ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಎಲ್ಲರೂ ನೋಡ್ತಾರಲ್ಲ ಅಂತ 1913ರ ಆ ಮತ್ಸ್ಯಕನ್ಯೆಯ ಪ್ರತಿಮೆ ನೋಡೋಕೆ ಹೋದೆವು. ಒಂದೂಕಾಲು ಮೀಟರ್ ಎತ್ತರ, ಅದರ ಸುತ್ತ ಇನ್ನೂರು ಜನ. ಅಲ್ಲಿರುವಾಗಲೇ ಮಗಳ ಫೋನು.

"ಅಮ್ಮ, ಅಪ್ಪ ಹೇಗಿದಾರೆ? ಬೆಳಿಗ್ಗೆ ಮಾತ್ರೆ ತಗೊಂಡ್ರಾ?"

"ಅವರನ್ನೇ ಕೇಳು" ಅಂತ ಫೋನನ್ನ ಇವರ ಕೈಗೆ ಕೊಟ್ಟೆ.

ಇವರು ವಾಸಾ ಹಡಗಿನಿಂದ ಶುರು ಮಾಡಿದರು. ಫಿರಂಗಿ, ತೂಕ, ಮೂವತ್ತು ಜನ ಓಡಿದ್ದು, ಹುಳು, ಉಪ್ಪು... ಇಪ್ಪತ್ತು ನಿಮಿಷ. ಅವಳಿಗೆ ತಾನು ಮಾತ್ರೆ ಕೇಳಿದ್ದು ಮರೆತೇಹೋಯ್ತು. ತಗೊಂಡಿರಲಿಲ್ಲ. ಅವರು ಮಾತಾಡ್ತಾ ಇರುವಾಗಲೇ ಡಬ್ಬಿ ತೆಗೆದು ಎರಡು ಮಾತ್ರೆಯನ್ನ ಅಂಗೈಗೆ ಹಾಕಿದೆ. ಮಾತು ನಿಲ್ಲಿಸದೆ ಬಾಯಿಗೆ ಹಾಕಿಕೊಂಡು ನೀರಿನ ಬಾಟಲಿಗೆ ಕೈ ಚಾಚಿದರು.