ಹೋದ ಮೇಲೆ ಸಿಕ್ಕ ಗುರುತು

ಮನೆಗೆ ಬಂದು ಕಾಫಿ ಕುಡಿದು ಹೋದವರು ಯಾರೆಂಬುದು, ಅವರು ಬೀದಿಯ ತಿರುವು ದಾಟಿದ ಮೇಲೆ ತಿಳಿದರೆ ಆಗುವ ಕಸಿವಿಸಿ ಎಲ್ಲರಿಗೂ ಪರಿಚಿತವಾದದ್ದೇ. 'ಅಯ್ಯೋ, ಇವರೇ ಅವರೆಂದು ಗೊತ್ತಾಗಿದ್ದರೆ ಇನ್ನೆರಡು ಮಾತಾಡಬಹುದಿತ್ತಲ್ಲ' ಎಂದುಕೊಳ್ಳುತ್ತೇವೆ. ದೇವರ ವಿಷಯದಲ್ಲಿಯೂ ಮನುಷ್ಯನ ಪಾಡು ಬಹುಮಟ್ಟಿಗೆ ಇದೇ ಎಂದು ನನಗೆ ತೋರುತ್ತದೆ. ಆತನು ಬಂದಾಗ ನಮಗೆ ಬೇರೆ ಕೆಲಸ. ನಮಗೆ ಬಿಡುವಾಗುವ ಹೊತ್ತಿಗೆ ಆತನು ಹೋಗಿರುತ್ತಾನೆ.

ಕ್ರೈಸ್ತರಾದ ನಮಗೆ ಈ ಪಾಡನ್ನು ಹೇಳುವ ಕಥೆಯೊಂದುಂಟು. ಲೂಕನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿದ ಮೂರನೆಯ ದಿನ ಶಿಷ್ಯರಿಬ್ಬರು ಯೆರೂಸಲೇಮನ್ನು ಬಿಟ್ಟು ಎಮ್ಮಾಹು ಎಂಬ ಹಳ್ಳಿಗೆ ಹೊರಟಿದ್ದಾರೆ. ಸುಮಾರು 7 ಮೈಲಿಯ ದಾರಿ. ಒಬ್ಬನ ಹೆಸರು ಕ್ಲೆಯೋಪ. ಇನ್ನೊಬ್ಬರ ಹೆಸರನ್ನು ಲೂಕನು ಹೇಳಿಲ್ಲ. ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಯಾಗುತ್ತಾನೆ. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾನೆ. ಇವರು ಯೇಸು ಸತ್ತ ಕಥೆಯನ್ನು, ಪಾಪ, ಯೇಸುವಿಗೇ ಹೇಳುತ್ತಾರೆ! ಆತನು ಶಾಸ್ತ್ರಗಳನ್ನು ವಿವರಿಸುತ್ತಾ ನಡೆಯುತ್ತಾನೆ. ಆಗಲೂ ಗುರುತಿಲ್ಲ. ಹಳ್ಳಿ ಬಂದಾಗ ಸಂಜೆಯಾಗಿದೆ. ಆತನು ಮುಂದೆ ಹೋಗುವವನಂತೆ ಕಾಣುತ್ತಾನೆ. ಇವರು ಬಲವಂತಮಾಡಿ ಉಳಿಸಿಕೊಳ್ಳುತ್ತಾರೆ. ಊಟಕ್ಕೆ ಕುಳಿತಾಗ ಆತನು ರೊಟ್ಟಿಯನ್ನು ಮುರಿದು ಕೊಡುತ್ತಾನೆ; ಇವರ ಕಣ್ಣು ತೆರೆಯುತ್ತದೆ; ಆ ಕ್ಷಣವೇ ಆತನು ಕಾಣದಾಗುತ್ತಾನೆ.

ಈ ಕಥೆಯಲ್ಲಿ ನನ್ನನ್ನು ಸೆಳೆಯುವುದು ಮುಂದಿನ ಭಾಗ. 'ಇಷ್ಟು ದೂರ ಜೊತೆಗಿದ್ದೂ ತಿಳಿಯದೆ ಹೋಯಿತಲ್ಲ' ಎಂದು ಅವರು ಹಲುಬಲಿಲ್ಲ. ದಾರಿಯಲ್ಲೇ ತಮ್ಮ ಎದೆಯೊಳಗೆ ಏನೋ ಕಾವೇರಿತ್ತೆಂಬುದನ್ನು ನೆನೆದುಕೊಂಡರು. ಅದೇ ರಾತ್ರಿ ಎದ್ದು, ಬಂದ ದಾರಿಯನ್ನೇ ಹಿಡಿದು ಯೆರೂಸಲೇಮಿಗೆ ನಡೆದರು. ಗುರುತು ತಡವಾಗಿ ಸಿಕ್ಕಿತೇ ಹೊರತು ದಾರಿ ವ್ಯರ್ಥವಾಗಲಿಲ್ಲ.

ಸಂತ ಅಗಸ್ಟೀನನ ಬಾಳೂ ಹೀಗೆಯೇ. 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಆತನ ಮನಸ್ಸು ತಿರುಗಿತೆಂದು ಎಲ್ಲರೂ ಹೇಳುತ್ತಾರೆ. ಆಗ ಆತನಿಗೆ 31 ವರ್ಷ. ಆದರೆ 19ನೆಯ ವಯಸ್ಸಿನಲ್ಲೇ ಸಿಸೆರೋನ ಪುಸ್ತಕವೊಂದನ್ನು ಓದಿ ಆತನಲ್ಲಿ ಸತ್ಯದ ಹಂಬಲ ಹುಟ್ಟಿತ್ತು. ನಡುವಿನ ಹನ್ನೆರಡು ವರ್ಷ ಅಲೆದಾಟ. ತೋಟದ ಆ ದಿನ ಕಳೆದು ಹತ್ತು ವರ್ಷದ ಮೇಲೆ ಆತ್ಮಕಥೆ ಬರೆಯಲು ಕುಳಿತಾಗ, ಆ ಅಲೆದಾಟದಲ್ಲೂ ದೇವರು ತನ್ನನ್ನು ಬಿಟ್ಟಿರಲಿಲ್ಲವೆಂದು ಆತನಿಗೆ ಕಂಡಿತು.

ಸಂತರ ಮಾತು ಹಾಗಿರಲಿ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ತಾಯಿ ಪಾರ್ಶ್ವವಾಯು ಬಡಿದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಆರೈಕೆಯ ಹೆಚ್ಚಿನ ಭಾರವೆಲ್ಲ ಅಕ್ಕನದು. ಅಕ್ಕನ ಬಾಯಿಗೆ ನಾವೆಲ್ಲ ಹೆದರುತ್ತಿದ್ದೆವು. ಭಾನುವಾರ ದೇವಾಲಯದ ಗಂಟೆ ಬಾರಿಸುವ ಹೊತ್ತಿಗೇ ಅಮ್ಮನ ಹಾಸಿಗೆ ಬಟ್ಟೆ ಬದಲಾಯಿಸಬೇಕಾಗುತ್ತಿತ್ತು. ರಾತ್ರಿ ಬೈಬಲನ್ನು ತೆರೆದರೆ ಎರಡನೆಯ ವಚನಕ್ಕೇ ತೂಕಡಿಕೆ. "ನನ್ನ ಪಾಲಿನ ದೇವರು ಆ ಗಂಟೆಯ ಜೊತೆಯಲ್ಲೇ ಹೋಗಿಬಿಟ್ಟ ಕಣೋ" ಎಂದು ಒಮ್ಮೆ ಹೇಳಿದಳು. ಆ ಮಾತಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ನೋವಿತ್ತು.

ಮೊದಲ ವರ್ಷ ಅವಳು ಗಂಜಿಯ ಬಟ್ಟಲನ್ನು ಕುಕ್ಕಿ ಇಡುವ ಸದ್ದು ನಡುಮನೆಗೆ ಕೇಳಿಸುತ್ತಿತ್ತು. ನಾಲ್ಕನೆಯ ವರ್ಷದಲ್ಲಿ ಆ ಸದ್ದಿರಲಿಲ್ಲ. ಅದು ಯಾವತ್ತು ನಿಂತಿತೆಂದು ನಮ್ಮಲ್ಲಿ ಯಾರೂ ಹೇಳಲಾರೆವು. ಅಮ್ಮ ಹೋದ ಮೇಲೆ ಒಂದು ದಿನ ಪಕ್ಕದ ಮನೆಯ ಅಜ್ಜಿ ಬಂದು, ಹೇಳಿದ ಕಥೆಯನ್ನೇ ಮೂರನೆಯ ಸಲ ಹೇಳುತ್ತಿದ್ದರು. ಅಕ್ಕ ಮೊದಲ ಸಲ ಕೇಳುವವಳಂತೆ ಕುಳಿತಿದ್ದಳು. ಅಜ್ಜಿ ಎದ್ದುಹೋದ ಮೇಲೆ, "ಇಷ್ಟು ತಾಳ್ಮೆ ಎಲ್ಲಿಂದ ಬಂತೇ ನಿನಗೆ?" ಎಂದೆ. ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು. "ನನಗೆಲ್ಲಿಯ ತಾಳ್ಮೆಯೋ!" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಒಂದು ಮಾತಿಗೆ ಎಷ್ಟು ತಡವರಿಸುತ್ತಿದ್ದಳು! ಕಾಯೋದು ಅಭ್ಯಾಸವಾಗಿದೆ, ಅಷ್ಟೇ" ಎಂದಳು.

ಪರಲೋಕರಾಜ್ಯವನ್ನು ಯೇಸುಸ್ವಾಮಿ ಹುಳಿಹಿಟ್ಟಿಗೆ ಹೋಲಿಸಿದ್ದಾನೆ. ಹೆಂಗಸೊಬ್ಬಳು ಅದನ್ನು ಮೂರು ಅಳತೆ ಹಿಟ್ಟಿನಲ್ಲಿ ಅಡಗಿಸಿಟ್ಟಳು. ಕಡೆಗೆ ಹಿಟ್ಟೆಲ್ಲ ಹುಳಿಯಾಯಿತು. ಇಡ್ಲಿಗೆ ರುಬ್ಬುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮುಚ್ಚಿಟ್ಟ ಹಿಟ್ಟು ಯಾವ ಗಳಿಗೆಯಲ್ಲಿ ಉಬ್ಬಿತೆಂದು ಕಂಡವರಿಲ್ಲ. ಮುಚ್ಚಳವನ್ನು ತೆಗೆತೆಗೆದು ನೋಡಿದರೆ ಅದು ಬೇಗ ಉಬ್ಬುವುದೂ ಇಲ್ಲ.

ಕಷ್ಟವೆಲ್ಲ ಒಳ್ಳೆಯದಕ್ಕೇ ಎಂದು ಸಾರುವ ಧೈರ್ಯ ನನಗಿಲ್ಲ. ರೋಗಿಯ ಕೋಣೆಯಿಂದ ಕಹಿಯಾಗಿ ಹೊರಬಂದವರೂ ಇದ್ದಾರೆ. ಅವರನ್ನು ತಪ್ಪೆನ್ನಲು ನಾನಾರು? ಅಕ್ಕನಿಗೆ ತಪ್ಪಿಹೋದ ಆರಾಧನೆಗಳು ಮರಳಿ ಬರಲಿಲ್ಲ. ಅವನ್ನು ನೆನೆದು ಅವಳು ಈಗಲೂ ಒಮ್ಮೊಮ್ಮೆ ಕೊರಗುತ್ತಾಳೆ. ಆದರೆ ಎಮ್ಮಾಹುವಿನ ಆ ಇಬ್ಬರು ಆತನನ್ನು ಮನೆಗೆ ಕರೆದದ್ದು ಪ್ರಭುವೆಂದು ತಿಳಿದಲ್ಲ; ಹೊತ್ತು ಮುಳುಗಿತು, ದಾರಿಹೋಕನನ್ನು ಹೇಗೆ ಕಳುಹಿಸುವುದೆಂದು ಕರೆದರು. ಗುರುತು ಸಿಗುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಕತ್ತಲಾದಾಗ ಜೊತೆಗಿರುವವರನ್ನು ಒಳಗೆ ಕರೆದು ಊಟಕ್ಕೆ ಕೂರಿಸುವುದಷ್ಟು ನಮ್ಮ ಕೈಯಲ್ಲಿದೆ.